ಮುಂಡೋವುಮೂಲೆಯ ವರ್ಷಾವಧಿ ಆರೋಪಿ

ನಾನು ಪುತ್ತೂರಿನ ಒಂದು ರಸ್ತೆ ಕಚೇರಿಯಲ್ಲಿ ಗುಮಾಸ್ತ. ಹಂಗಾಮಿ ಗುಮಾಸ್ತ ಎಂದರೆ ಇನ್ನೂ ಸರಿ. ಮೂರು ತಿಂಗಳಿಗೊಮ್ಮೆ ನನ್ನ ಕೆಲಸ ಸಾಯುತ್ತದೆ, ಮರುದಿನ ಬೆಳಿಗ್ಗೆ ಒಂದು ಆದೇಶ ಬಂದು ಪುನಃ ಹುಟ್ಟುತ್ತದೆ. ಇಷ್ಟಾದರೂ ನಾನು ನನ್ನ ಊರು ಬೆಟ್ಟಂಪಾಡಿಗೆ ಹೋದಾಗ ಸರಕಾರವೆಂಬುದು ಅರ್ಧಂಬರ್ಧ ನಾನೇ ಎಂಬ ಹಾಗೆ ಕೊಡೆ ಬೀಸಿ ನಡೆಯುತ್ತಿದ್ದೆ. ಇದನ್ನು ನನ್ನ ತಾಯಿ ಒಬ್ಬಳೇ ನಂಬಿದ್ದಳು. ಅವಳೂ ಸಂಬಳದ ದಿನ ಮಾತ್ರ.

ಕೂಸಪ್ಪಣ್ಣ ನನ್ನ ಮೇಜಿನ ಎದುರು ಬಂದು ಕೂತಾಗ ನಮ್ಮ ಸೀಮೆ ಮದ್ರಾಸಿನಿಂದ ಮೈಸೂರಿಗೆ ಸೇರಿ ಎರಡು ವರ್ಷವಾಗಿತ್ತು. ಬೋರ್ಡು ಹೊಸತು, ಕುರ್ಚಿಗಳು ಮದ್ರಾಸಿನವು, ಸಾಹೇಬರು ಮೈಸೂರು ಕಡೆಯವರು. ಅರ್ಜಿಯ ನಮೂನೆಯೂ ಹೊಸತು. ಸಣ್ಣ ಮೋರಿ, ರಸ್ತೆಬದಿಯ ಕಟ್ಟೆ ಮುಂತಾದ ಕೆಲಸ ಹಿಡಿಯುವ ನಾಲ್ಕನೆಯ ದರ್ಜೆಯ ಕಂತ್ರಾಟುದಾರನೆಂದು ತನ್ನ ಹೆಸರು ಸೇರಿಸಬೇಕೆಂದು ಅವರ ಅರ್ಜಿ. ಅವರು ಹೇಳುತ್ತಾ ಹೋದರು, ನಾನು ತುಂಬಿಸುತ್ತಾ ಹೋದೆ. ಹೆಸರು ಕೂಸಪ್ಪ ಗೌಡ. ಊರು ಕಡಬದಿಂದ ರಾಮಕುಂಜಕ್ಕೆ ಬರುವಾಗ ಒಳಗೆ ಸಿಗುವ ಮುಂಡೋವುಮೂಲೆ. ಕಸುಬು ಕಲ್ಲು ಕಟ್ಟುವುದು. ಮುಂದಿನ ಪ್ರಶ್ನೆ, ಅರ್ಜಿದಾರನಿಗೆ ಹಿಂದೆ ಯಾವುದಾದರೂ ನ್ಯಾಯಾಲಯದಲ್ಲಿ ಶಿಕ್ಷೆಯಾಗಿದೆಯೇ ಎಂದು. ಇದನ್ನು ನಾವು ಯಾರಲ್ಲೂ ಕೇಳುವ ಕ್ರಮವಿರಲಿಲ್ಲ. ‘ಇಲ್ಲ’ ಎಂದು ಬರೆದು ಮುಂದೆ ಹೋಗುವುದು.

“ಅಲ್ಲಿ ಎಂತ ಬರೆದಿರಿ?” ಕೂಸಪ್ಪಣ್ಣ ಕೇಳಿದರು.

“ಶಿಕ್ಷೆ ಆಗಿಲ್ಲ ಅಂತ.”

“ಆಗಿದೆಯಲ್ಲ.”

ನಾನು ಪೆನ್ನು ಎತ್ತಿದೆ. “ಯಾವುದರಲ್ಲಿ?”

“ಕೋಳಿ ಅಂಕದಲ್ಲಿ. ದುಡ್ಡು ಕಟ್ಟಿ ಕೋಳಿ ಕಾದಿಸಿದ್ದಕ್ಕೆ.”

“ಯಾವ ವರ್ಷ?”

“ಎಲ್ಲ ವರ್ಷವೂ.” ಸ್ವಲ್ಪ ಆಲೋಚಿಸಿ ಸೇರಿಸಿದರು, “ಅಮ್ಮ ತೀರಿಹೋದ ವರ್ಷ ಇಲ್ಲ. ಸೂತಕ ಇತ್ತು.”

ಮನುಷ್ಯ ತೆಳ್ಳಗೆ, ಉದ್ದಕ್ಕೆ, ಹೆಗಲ ಮೇಲೆ ಒಗೆದ ಬೈರಾಸು. ದುಶ್ಚಟದ ಯಾವ ಗುರುತೂ ಮುಖದಲ್ಲಿ ಇರಲಿಲ್ಲ. ನಾನು ಧ್ವನಿಯನ್ನು ಆದಷ್ಟು ಸರಕಾರದ ಹಾಗೆ ಮಾಡಿಕೊಂಡು, “ಇಷ್ಟು ಹುಚ್ಚು ಒಳ್ಳೆಯದಲ್ಲ ಕೂಸಪ್ಪಣ್ಣ” ಎಂದೆ.

“ನನಗೆ ಹುಚ್ಚಿಲ್ಲ ಮಾರಾಯ್ರೆ. ನಾನು ಕೋಳಿ ಅಂಕ ನೋಡುದೇ ಇಲ್ಲ. ರಕ್ತ ನೋಡಿದ್ರೆ ನನಗೆ ಕಣ್ಣು ಕತ್ತಲೆ ಬರ್ತದೆ. ನಾನು ಆಚೆ ತಿರುಗಿ ನಿಲ್ಲುದು.”

ಆಮೇಲೆ ಅವರು ಹೇಳಿದ್ದು ಇಷ್ಟು. ಮುಂಡೋವುಮೂಲೆಯಲ್ಲಿ ಕೊಯ್ಲಾದ ಮೇಲೆ ಗದ್ದೆಯಲ್ಲಿ ವರ್ಷಕ್ಕೊಮ್ಮೆ ಕೋಳಿ ಅಂಕ. ಕಾನೂನಿನಲ್ಲಿ ಅದಕ್ಕೆ ಜಾಗವಿಲ್ಲ, ಊರಿನಲ್ಲಿ ಅದನ್ನು ಬಿಡುವ ಹಾಗಿಲ್ಲ. ಆ ಕಡೆಯ ಠಾಣೆಗೆ ವರ್ಷಕ್ಕೊಂದಾದರೂ ಕೇಸು ಬೇಕು. ಹಾಗಾಗಿ ಯಾವುದೋ ಕಾಲದಲ್ಲಿ ಒಂದು ಏರ್ಪಾಡಾಯಿತು. ಪೊಲೀಸು ಬಂದಾಗ ಎಲ್ಲರೂ ಓಡುವುದು, ಒಬ್ಬ ಮಾತ್ರ ಓಡದೆ ನಿಲ್ಲುವುದು. ನಿಲ್ಲುವವನು ಮನೆ ಸರದಿಯಂತೆ. ಅಂಕಕ್ಕೆ ಕೆಲವು ದಿನ ಮೊದಲು ಊರಿನ ಯಜಮಾನರು ಸರದಿಯ ಮನೆಗೆ ಹೋಗಿ ಹರಿವಾಣದಲ್ಲಿ ವೀಳ್ಯದೆಲೆ ಇಡುತ್ತಾರೆ. ಎಲೆ ಎತ್ತಿದವನು ಆ ವರ್ಷದ ಆರೋಪಿ. ದಂಡ ಊರಿನದ್ದು, ಪುತ್ತೂರಿನಲ್ಲಿ ಮಧ್ಯಾಹ್ನದ ಊಟವೂ ಊರಿನದ್ದು.

ಸರದಿ ಮೊದಮೊದಲು ಸರಿಯಾಗಿಯೇ ತಿರುಗಿತಂತೆ. ಆಮೇಲೆ ಒಬ್ಬನಿಗೆ ಮದುವೆ ನಿಶ್ಚಯವಾಗಿತ್ತು, ಇನ್ನೊಬ್ಬ ಶಾಲೆಯ ಮಾಸ್ತರನಾದ, ಮತ್ತೊಬ್ಬರು ಪಂಚಾಯತಿಗೆ ನಿಂತರು. “ಈ ಒಂದು ಸಲ ನೀನು ಹೋಗು ಕೂಸಪ್ಪ. ನಿನಗೆ ಹೋಗಲಿಕ್ಕೆ ಎಂತ ಉಂಟು?” ಎಂದು ಎಲೆ ಅವರ ಜಗಲಿಗೆ ಬಂತು. ಒಂದು ಸಲ ಬಂದ ಎಲೆ ಬೇರೆ ಮನೆಯ ದಾರಿ ಮರೆಯಿತು.

“ನನಗೂ ಬೇಜಾರಿರಲಿಲ್ಲ” ಎಂದರು ಕೂಸಪ್ಪಣ್ಣ. “ಕೋರ್ಟಿನ ಜಗಲಿಯಲ್ಲಿ ಕೂತರೆ ಬಾಗಿಲ ಮೇಲಿನ ಕಲ್ಲಿನ ಕಮಾನು ಕಾಣ್ತದೆ. ಕರೆಯುವವರೆಗೆ ಅದನ್ನೇ ನೋಡುದು. ಎರಡು ವರ್ಷ ನೋಡಿದ ಮೇಲೆ ನಮ್ಮಲ್ಲಿ ಒಂದು ಮೋರಿಗೆ ಹಾಗೇ ಕಟ್ಟಿದೆ. ನಿಂತಿತು.”

ಅವರು ಇಷ್ಟು ವರ್ಷ ಮೋರಿ ಕಟ್ಟಿದ್ದೆಲ್ಲ ಪುತ್ತೂರಿನ ಕಂತ್ರಾಟುದಾರ ಹೈದರ್ ಬ್ಯಾರಿಗಳ ಹೆಸರಿನಲ್ಲಿ. ಬ್ಯಾರಿಗಳಿಗೆ ಈಗ ಮೊಣಕಾಲು ನೋವು. ಮಾರ್ಚಿಗೆ ಎಲ್ಲ ನಿಲ್ಲಿಸುತ್ತೇನೆ ಎಂದಿದ್ದರು. “ನನ್ನ ಹೆಸರಲ್ಲಿ ನೀನು ಕಟ್ಟಿದ್ದು ಸಾಕು ಕೂಸಪ್ಪ, ಇನ್ನು ನಿನ್ನ ಹೆಸರಲ್ಲೇ ಕಟ್ಟು” ಎಂದು ಕಳಿಸಿದ್ದೇ ಅವರು. ಲೈಸನ್ಸ್ ಸಿಗದಿದ್ದರೆ ಕೂಸಪ್ಪಣ್ಣನೂ ಅವರ ಜೊತೆಯ ಕಲ್ಲಿನವರೂ ಘಟ್ಟದ ಮೇಲಿನಿಂದ ಬರುವ ಯಾರದೋ ಕೈಕೆಳಗೆ ದಿನಗೂಲಿಗೆ ಹೋಗಬೇಕು. ಜೊತೆಗೆ ಮುಂಡೋವುಮೂಲೆಯ ತೋಡಿಗೇ ಒಂದು ಮೋರಿ ಮಂಜೂರಾಗಿತ್ತು. ತನ್ನ ಊರಿನ ಮೋರಿಗೆ ತಾನು ಕೂಲಿಯವನಾಗಿ ಕಲ್ಲು ಹೊರುವುದನ್ನು ಅವರು ಮೂರು ಸಲ ಹೇಳಿದರು, ಮೂರು ಸಲವೂ ಕಿಟಕಿಯ ಕಡೆ ನೋಡಿಕೊಂಡು.

“‘ಇಲ್ಲ’ ಅಂತಲೇ ಬರೆದು ಬಿಡ್ತೇನೆ” ಎಂದೆ.

“ಬೇಡ. ನನ್ನನ್ನು ಕೋರ್ಟಿನಲ್ಲಿ ಎಲ್ಲರಿಗೂ ಗೊತ್ತುಂಟು.”

‘ಉಂಟು’ ಎಂದು ಬರೆಯುವ ಮೊದಲು ನನಗೆ ಒಂದು ಉಪಾಯ ಹೊಳೆಯಿತು. ನನಗೆ ಉಪಾಯ ಹೊಳೆದಾಗಲೆಲ್ಲ ಯಾರಿಗಾದರೂ ತೊಂದರೆಯಾಗಿದೆ, ಆದರೆ ಹೊಳೆಯುವ ಹೊತ್ತಿಗೆ ಅದು ನೆನಪಾಗುವುದಿಲ್ಲ. ಯಾರ ಯಾರ ಸರದಿಗೆ ಕೂಸಪ್ಪಣ್ಣ ನಿಂತಿದ್ದರೋ ಅವರೇ ಬಂದು ಸಾಹೇಬರಿಗೆ ಸತ್ಯ ಹೇಳಿದರೆ ಈ ಕಳಂಕ ತೊಳೆದು ಹೋಗುತ್ತದೆ. ಇದು ನನ್ನ ಕಾನೂನು.

ಭಾನುವಾರ ನಾನೂ ಅವರ ಜೊತೆ ಮುಂಡೋವುಮೂಲೆಗೆ ಹೋದೆ. ಕೂಸಪ್ಪಣ್ಣನ ಹೆಂಡತಿ ತಿಮ್ಮಕ್ಕ ಬೆಲ್ಲ ನೀರು ತಂದಿಟ್ಟು, ಬಾಗಿಲಿಗೆ ಒರಗಿ ನನ್ನನ್ನು ನೋಡಿದಳು.

“ಕೋಳಿ ಸಾರು ಬೇಕಾದ್ರೆ ಕೊಯ್ಯುದು ನಾನು” ಎಂದಳು. “ಇವರು ಹಟ್ಟಿಯ ಹಿಂದೆ ಹೋಗಿ ನಿಲ್ಲುದು. ಇಂಥವರು ಸರಕಾರದ ಪುಸ್ತಕದಲ್ಲಿ ದೊಡ್ಡ ಕೋಳಿ ಅಂಕದವರು. ನಿಮ್ಮ ಸರಕಾರಕ್ಕೆ ಬೇರೆ ಪುಸ್ತಕ ಇಲ್ವಾ?”

“ಸರಿ ಮಾಡ್ಲಿಕ್ಕೇ ಬಂದದ್ದು ಅಕ್ಕ.”

“ಸರಿ ಮಾಡ್ಲಿಕ್ಕೆ ಬಂದವರು ಬೆಲ್ಲ ಎಲ್ಲ ಮುಗಿಸಿದಿರಿ” ಎಂದಳು. ಹೌದು, ಮುಗಿದಿತ್ತು.

ಊರಿನ ಯಜಮಾನರು ಕುಕ್ಕಪ್ಪ ಗೌಡರು. ವೀಳ್ಯದ ಹರಿವಾಣ ಹಿಡಿದು ಬರುವವರು ಅವರೇ. ಒಪ್ಪಲಾರರು ಎಂದುಕೊಂಡಿದ್ದೆ. ಅವರು ತಟಕ್ಕನೆ ಒಪ್ಪಿದರು. “ಕೂಸಪ್ಪನಿಗಾಗಿ ಅಷ್ಟೂ ಮಾಡದಿದ್ರೆ ಹೇಗೆ? ನಾವೇ ಬಂದು ಹೇಳ್ತೇವೆ” ಎಂದರು. ನನಗೆ ಮನುಷ್ಯಕುಲದ ಬಗ್ಗೆ ಬಹಳ ಒಳ್ಳೆಯ ಅಭಿಪ್ರಾಯ ಬಂತು. ಬಸ್ಸಿನಲ್ಲಿ ಹಿಂದೆ ಬರುವಾಗ ಅದು ಪುತ್ತೂರಿನವರೆಗೂ ಇತ್ತು.

ಹೇಳಿದ ದಿನ ಕುಕ್ಕಪ್ಪ ಗೌಡರು ಇನ್ನಿಬ್ಬರ ಜೊತೆ ಇಸ್ತ್ರಿಯ ಅಂಗಿ ಹಾಕಿಕೊಂಡು ಬಂದರು. ಸಾಹೇಬರು ಎಲ್ಲರನ್ನೂ ಒಳಗೆ ಕರೆಸಿದರು. ಅವರು ಸಸ್ಯಾಹಾರಿಗಳು. ಕೋಳಿಯ ಕಾಲಿಗೆ ಕತ್ತಿ ಕಟ್ಟುತ್ತಾರೆಂದು ಕೇಳಿದಾಗಲೇ ಮುಂದಿದ್ದ ಕಾಫಿಯನ್ನು ಪಕ್ಕಕ್ಕೆ ಸರಿಸಿದರು. ಗೌಡರು ಸರದಿಯ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಒಂದು ಪುಣ್ಯಕೆಲಸದ ವರದಿಯ ಹಾಗೆ ಹೇಳಿ ಮುಗಿಸಿದರು.

ಸಾಹೇಬರು ನಿಧಾನವಾಗಿ ನನ್ನನ್ನು ಕೇಳಿದರು, “ಏನ್ರೀ ತೀರ್ಥರಾಮ, ನೀವು ನಿಯಮ ಓದಿದ್ದೀರೇನ್ರೀ?”

ನಾನು ನಮೂನೆ ಓದಿದ್ದೆ. ನಿಯಮ ಓದಿರಲಿಲ್ಲ.

“ಶಿಕ್ಷೆಯಾದ ಮಾತ್ರಕ್ಕೆ ಅರ್ಜಿ ತಳ್ಳಬೇಕು ಅಂತ ಎಲ್ಲೂ ಇಲ್ಲ. ಕಳವು, ಮೋಸ, ಸುಳ್ಳು ಲೆಕ್ಕ, ಸುಳ್ಳು ಹೇಳಿಕೆ, ಇಂಥದ್ದಾದರೆ ಕೊಡೋ ಹಾಗಿಲ್ಲ. ಜೂಜು, ಜಗಳ, ಇಂಥ ಸಣ್ಣಪುಟ್ಟದ್ದಾದರೆ ಪೊಲೀಸರ ವರದಿ ನೋಡಿ ನಾನು ತೀರ್ಮಾನ ಮಾಡಬಹುದು.” ಗೌಡರ ಕಡೆ ತಿರುಗಿದರು. “ಇವನು ಕೋಳಿ ಆಡಿಸಿದ್ದರೆ ಅದು ಸಣ್ಣದು. ಆಡಿಸದೆ ಆಡಿಸಿದೆ ಅಂತ ಮ್ಯಾಜಿಸ್ಟ್ರೇಟರಿಗೆ ವರ್ಷಾ ವರ್ಷಾ ಹೇಳಿದ್ದರೆ ಅದು ಕೋರ್ಟಿಗೆ ಮಾಡಿದ ಮೋಸ. ಇವನನ್ನು ಕಳಿಸಿದ್ದು ನೀವು ಮೂವರು. ಈಗ ಹೇಳಿದ್ದನ್ನ ಬರೆದುಕೊಳ್ಳಲೇನು? ಸಹಿ ಹಾಕ್ತೀರಾ?”

ಗೌಡರಿಗೆ ಬಸ್ಸಿನ ಹೊತ್ತು ನೆನಪಾಯಿತು. ಉಳಿದಿಬ್ಬರಿಗೂ ಅದೇ ಬಸ್ಸು.

ಅವರು ಹೋದ ಮೇಲೆ ಸಾಹೇಬರು ಕೂಸಪ್ಪಣ್ಣನನ್ನು ಕೇಳಿದರು, “ಯೋಚನೆ ಮಾಡಿ ಹೇಳಪ್ಪ. ನೀನು ಕೋಳಿ ಆಡಿಸಿದ್ದು ಹೌದೋ ಅಲ್ಲವೋ?”

ಕೂಸಪ್ಪಣ್ಣ ನನ್ನ ಕಡೆ ನೋಡಿದರು. ನಾನು ಫ್ಯಾನಿನ ಕಡೆ ನೋಡಿದೆ. ನನ್ನ ಕಾನೂನಿನಿಂದಾಗಿ ಆ ಮನುಷ್ಯ ಲೈಸನ್ಸಿಗೂ ಜೈಲಿಗೂ ಸಮದೂರದಲ್ಲಿ ನಿಂತಿದ್ದರು.

“ಹೌದು ಸ್ವಾಮಿ.”

“ಯಾವ ಕೋಳಿ?”

“ಒಂದು ಕೋಳಿ ಸ್ವಾಮಿ. ಹುಂಜ.”

“ಬಣ್ಣ?”

“ಹುಂಜದ್ದೇ ಬಣ್ಣ.”

“ಗೆದ್ದಿತೋ ಸೋತಿತೋ?”

ಕೂಸಪ್ಪಣ್ಣ ಬಹಳ ಹೊತ್ತು ಆಲೋಚಿಸಿದರು. “ನಾನು ಆಚೆ ತಿರುಗಿದ್ದೆ ಸ್ವಾಮಿ.”

ಸಾಹೇಬರು ಕನ್ನಡಕ ತೆಗೆದು ಒರೆಸಿದರು. ಒರೆಸುವಂಥದ್ದು ಅದರಲ್ಲಿ ಏನೂ ಇರಲಿಲ್ಲ. “ಪೊಲೀಸ್ ವರದಿ ತರಿಸಿ” ಎಂದರು.

ವರದಿ ಬರೆದವರು ಹೆಡ್ ಕಾನ್‌ಸ್ಟೇಬಲ್ ಡೊಂಬಯ್ಯ. ಕೂಸಪ್ಪಣ್ಣನನ್ನು ವರ್ಷಾವಧಿ ಹಿಡಿಯುತ್ತಿದ್ದವರು ಅವರೇ, ನಿವೃತ್ತಿಗೆ ಹತ್ತಿರವಾದವರು. ಅದನ್ನು ಸಾಹೇಬರಿಗೆ ನಾನೇ ಓದಿ ಹೇಳಿದೆ:

“ಸದರಿ ಕೂಸಪ್ಪ ಗೌಡನನ್ನು ನಾನು ಬಹಳ ವರ್ಷಗಳಿಂದ ದಸ್ತಗಿರಿ ಮಾಡುತ್ತಾ ಬಂದಿರುತ್ತೇನೆ. ಒಮ್ಮೆಯೂ ಓಡಿರುವುದಿಲ್ಲ. ಎದುರು ಮಾತಾಡಿರುವುದಿಲ್ಲ. ಕರೆದ ದಿನ ಕರೆದ ಹೊತ್ತಿಗೆ ಹಾಜರಾಗಿರುತ್ತಾನೆ. ಸಾಕ್ಷ್ಯದ ಹುಂಜವನ್ನು ಬಸ್ಸಿನಲ್ಲಿ ತನ್ನ ಮಡಿಲಲ್ಲೇ ಇಟ್ಟುಕೊಂಡು ಕುಕ್ಕಿಸಿಕೊಂಡು ಸಹಕರಿಸಿರುತ್ತಾನೆ. ಒಂದು ವರ್ಷ ದಾರಿಯಲ್ಲಿ ಬಸ್ಸು ಕೆಟ್ಟು ನಿಂತಾಗ ನಡೆದು ಬಂದು ನನಗಿಂತ ಮೊದಲೇ ಕೋರ್ಟು ತಲುಪಿ ನನಗೆ ಜಾಗ ಹಿಡಿದಿಟ್ಟಿರುತ್ತಾನೆ. ಇಂಥ ಆರೋಪಿಗಳು ಈಗ ಸಿಗುವುದು ಕಷ್ಟ.”

ಸಾಹೇಬರು ಕೇಳಿ, “ನಮ್ಮ ಕಂತ್ರಾಟುದಾರರಲ್ಲಿ ಹೇಳಿದ ದಿನಕ್ಕೆ ಬರೋವನು ಒಬ್ಬನಾದರೂ ಇದ್ದಾನೇನ್ರೀ?” ಎಂದರು. ಉತ್ತರಕ್ಕೆ ಕಾಯದೆ ಮಂಜೂರು ಮಾಡಿದರು. ಕೆಳಗೆ ಒಂದು ಷರತ್ತು: ಇನ್ನು ಮುಂದೆ ಯಾವುದೇ ಪ್ರಕರಣದಲ್ಲಿ ಶಿಕ್ಷೆಯಾದರೆ ಹೆಸರು ರದ್ದು.

ಮುಂಡೋವುಮೂಲೆಯ ಮೋರಿ ಕೂಸಪ್ಪಣ್ಣನಿಗೇ ಸಿಕ್ಕಿತು. ಕೊಯ್ಲು ಮುಗಿದು ಪಾಯ ಅಗೆದು ಒಂದು ಬದಿಯ ಗೋಡೆ ಎದ್ದ ಹೊತ್ತಿಗೆ ಕೋಳಿ ಅಂಕದ ದಿನವೂ ಬಂತು. ಕುಕ್ಕಪ್ಪ ಗೌಡರು ಹರಿವಾಣ ಹಿಡಿದು ಅದೇ ಜಗಲಿಗೆ ಬಂದರು. ಇದು ಆಮೇಲೆ ತಿಮ್ಮಕ್ಕ ನನಗೆ ಹೇಳಿದ್ದು.

“ಈ ಒಂದು ಸಲ, ಕೂಸಪ್ಪ” ಎಂದರಂತೆ ಗೌಡರು.

ಕೂಸಪ್ಪಣ್ಣನ ಕೈ ಹರಿವಾಣದ ಹತ್ತಿರ ಹೋದದ್ದು ಹೌದು. ಅಷ್ಟು ವರ್ಷದ ಅಭ್ಯಾಸ. ತಿಮ್ಮಕ್ಕ ಒಳಗಿನಿಂದ, “ಎಲೆ ಎತ್ತಿದ್ರೆ ಆ ಎಲೆಯಲ್ಲೇ ಊಟ, ನಾನು ಬಡಿಸುದಿಲ್ಲ” ಎಂದಳು. ಅವರು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡರು.

“ನನಗೆ ಮೋರಿ ಉಂಟು ಗೌಡ್ರೆ.”

“ಮೋರಿ ಎಲ್ಲಿಗೂ ಓಡುದಿಲ್ಲ. ಒಂದು ದಿನದ ಕೆಲಸ.”

“ಲೈಸನ್ಸ್ ಹೋಗ್ತದೆ.”

“ನೀನು ಹಾಗೆ ಹೇಳುದು, ಆಮೇಲೆ ಹೋಗುದು. ನನಗೆ ಗೊತ್ತಿಲ್ವಾ” ಎಂದು ಗೌಡರು ಹರಿವಾಣವನ್ನು ಜಗಲಿಯಲ್ಲೇ ಬಿಟ್ಟು ಹೋದರು. ಎಲೆ ಅಲ್ಲೇ ಒಣಗಿತು. ಎಲೆ ಹೋಗಿದೆ, ಹಿಂದೆ ಬಂದಿಲ್ಲ, ಅಂದ ಮೇಲೆ ಆರೋಪಿ ಇದ್ದಾನೆ ಎಂದು ಊರು ನಿಶ್ಚಿಂತೆಯಾಯಿತು.

ಅಂಕದ ಭಾನುವಾರ ನಾನು ಮೋರಿ ನೋಡಲು ಹೋಗಿದ್ದೆ. ನೋಡುವುದು ನನ್ನ ಕೆಲಸವಲ್ಲ. ಆದರೆ ಆ ಮೋರಿಗೆ ಅರ್ಧ ಕಾರಣ ನಾನೇ ಎಂಬ ಭಾವನೆ ನನ್ನಲ್ಲಿ ಬೆಳೆದಿತ್ತು. ಆಳುಗಳೆಲ್ಲ ಆಚೆ ಗದ್ದೆಯಲ್ಲಿ ಕೋಳಿಯ ಸುತ್ತ. ಕೂಸಪ್ಪಣ್ಣ ಒಬ್ಬರೇ, ಗದ್ದೆಗೆ ಬೆನ್ನು ಹಾಕಿ, ಹೊಸ ಗೋಡೆಗೆ ಕೊಡದಿಂದ ನೀರು ಹೊಯ್ಯುತ್ತಿದ್ದರು.

ಸೀಟಿ ಕೇಳಿತು. ಗದ್ದೆ ಖಾಲಿಯಾಯಿತು. ಮುಂಡೋವುಮೂಲೆಯವರ ಓಟ ಹೇಗೆಂದರೆ ತೋಡಿನಾಚೆಯ ಪೊದೆಯವರೆಗೆ, ಅಲ್ಲಿಂದ ಮುಂದಿಲ್ಲ. ಅಷ್ಟೇ ಸಾಕಾಗುತ್ತಿತ್ತು. ಬದುವಿನ ಮೇಲೆ ಡೊಂಬಯ್ಯ ಯಾವ ಅವಸರವೂ ಇಲ್ಲದೆ, ಮುಖ ಒರೆಸಿಕೊಳ್ಳುತ್ತಾ, ನೇರ ಮೋರಿಯ ಕಡೆಗೆ ಬಂದರು.

“ಹೊರಡುವ ಕೂಸಪ್ಪಣ್ಣ.”

ಕೂಸಪ್ಪಣ್ಣ ಕೊಡ ಕೆಳಗಿಟ್ಟರು. ಕೈ ಒರೆಸಿಕೊಂಡರು. ಬೈರಾಸು ಮಡಚಿ ಹೆಗಲಿಗೆ ಹಾಕಿದರು. ಎರಡು ಹೆಜ್ಜೆ ಬಸ್ಸಿನ ದಾರಿಗೂ ಇಟ್ಟರು. ಆಮೇಲೆ ಅವರು ನಿಂತು ಗೋಡೆಯ ಕಡೆ ತಿರುಗಿದರು.

“ನೀವೇ ಬರೆದದ್ದಲ್ವಾ ಡೊಂಬಯ್ಯಣ್ಣ, ನಾನು ಒಳ್ಳೆಯವ ಅಂತ? ಈಗ ಬಂದ್ರೆ ಲೈಸನ್ಸ್ ಹೋಗ್ತದೆ. ಈ ಗೋಡೆ ಯಾರು ಮುಗಿಸುದು?”

ಡೊಂಬಯ್ಯ ಕಲ್ಲಿನ ಮೇಲೆ ಕೂತರು. “ಬರೆದದ್ದು ಹೌದು. ಆದರೆ ನನಗೆ ಒಂದು ಕೇಸು ಬೇಕು ಮಾರಾಯ್ರೆ. ಬೇರೆಯವರನ್ನು ಹಿಡಿಯುವ ಅಂದ್ರೆ ಓಡ್ಬೇಕು. ನಾನು ಓಡದೆ ಎಷ್ಟು ವರ್ಷ ಆಯ್ತು. ಆ ಅಭ್ಯಾಸ ತಪ್ಪಿಸಿದ್ದೇ ನೀವು.”

“ನಾನು ಎಂತ ಮಾಡುದು?”

“ನಾನಾದ್ರೂ ಎಂತ ಮಾಡುದು?”

ಆಮೇಲೆ ಡೊಂಬಯ್ಯನ ಕಣ್ಣು, ಬರೀ ನೋಡಲಿಕ್ಕೆ ಎಂಬ ಹಾಗೆ, ನನ್ನ ಮೇಲೆ ಬಿತ್ತು.

ನಾನು ಓಡಿದೆ. ಹಂಗಾಮಿ ನೌಕರನಿಗೆ ಶಿಕ್ಷೆಯಾದರೆ ರದ್ದು ಮಾಡುವ ಶ್ರಮವೂ ಸರಕಾರಕ್ಕಿಲ್ಲ, ಪುನಃ ಹುಟ್ಟಿಸದಿದ್ದರೆ ಸಾಕು. ಮೂರನೆಯ ಹೆಜ್ಜೆಗೆ ಮೋರಿಯ ಇನ್ನೊಂದು ಬದಿಯ ಪಾಯದ ಗುಂಡಿಗೆ ಬಿದ್ದೆ. ಅದರ ಉದ್ದ, ಅಗಲ, ಆಳ ಮೂರನ್ನೂ ಮೂರು ಪ್ರತಿಯಲ್ಲಿ ಬರೆದವನು ನಾನೇ. ಕೆಳಗೆ ಮೊಣಕಾಲು ಮಟ್ಟ ಕೆಸರು ಇತ್ತು. ಅದನ್ನು ಬರೆದಿರಲಿಲ್ಲ.

ಮೇಲಿನಿಂದ ಕೂಸಪ್ಪಣ್ಣನ ತಲೆ ಕಾಣಿಸಿತು. “ಅಲ್ಲೇ ಇರಿ. ಅಲ್ಲಿಗೆ ಅವರು ಇಳಿಯುದಿಲ್ಲ” ಎಂದರು.

ಹಾಗಾಗಿ ಮುಂದಿನದನ್ನು ನಾನು ಕಂಡಿಲ್ಲ, ಕೇಳಿದ್ದು. ತೋಡಿನಾಚೆಯಿಂದ ಚಪ್ಪಲಿಯ ಸದ್ದು, ನಿಧಾನವಾಗಿ. ಕುಕ್ಕಪ್ಪ ಗೌಡರ ಧ್ವನಿ. ಪ್ರತಿ ವರ್ಷ ಇಷ್ಟು ಹೊತ್ತಿಗೆ ಎಲ್ಲ ಮುಗಿದಿರುತ್ತದೆ, ಕಟ್ಟಿಟ್ಟ ತಮ್ಮ ಹುಂಜವನ್ನು ತೆಗೆದುಕೊಂಡು ಮನೆಗೆ ಹೋಗುವುದು ಅವರ ಕ್ರಮ.

“ಆಯ್ತಾ ಡೊಂಬಯ್ಯ? ಹೊರಡಿ ಇನ್ನು, ಬಸ್ಸು ತಪ್ಪೀತು.”

“ಹೊರಡುದೇ ಗೌಡ್ರೆ. ಬನ್ನಿ.”

“ಎಲ್ಲಿಗೆ?”

“ಪುತ್ತೂರಿಗೆ. ಹುಂಜ ಹೇಗೂ ನಿಮ್ಮ ಕಂಕುಳಲ್ಲೇ ಉಂಟು.”

ಹುಂಜ ರೆಕ್ಕೆ ಬಡಿದ ಸದ್ದು ಕೇಳಿತು.

“ಕೂಸಪ್ಪ ಇದ್ದಾನಲ್ಲ” ಎಂದರು ಗೌಡರು.

“ಅವರು ಈಗ ಕಂತ್ರಾಟುದಾರರು” ಎಂದರು ಡೊಂಬಯ್ಯ.

ಗೌಡರು ಕೂಸಪ್ಪಣ್ಣನಿಗೆ ಏನೋ ಹೇಳಿದರು, ಮೆಲ್ಲಗೆ. ನನಗೆ ಕೇಳಿದ್ದು ‘ಈ ಒಂದು ಸಲ’ ಎಂಬಷ್ಟು ಮಾತ್ರ. ಉತ್ತರವಾಗಿ ಗೋಡೆಗೆ ನೀರು ಹೊಯ್ಯುವ ಸದ್ದು ಕೇಳಿತು. ಕೊಡ ಪೂರ್ತಿ ಖಾಲಿಯಾಗುವವರೆಗೂ ಕೇಳಿತು.

ಕೋರ್ಟಿನ ದಿನ ಕೂಸಪ್ಪಣ್ಣ ಕೆಲಸ ಬಿಟ್ಟು ಗೌಡರ ಜೊತೆ ಪುತ್ತೂರಿಗೆ ಬಂದರು. ಗೌಡರೇ ಕೇಳಿಕೊಂಡದ್ದು. ಎಲ್ಲಿ ನಿಲ್ಲಬೇಕು, ಯಾವಾಗ ಕೈ ಮುಗಿಯಬೇಕು, ಕಟಕಟೆಗೆ ಯಾವ ಕಾಲು ಮೊದಲು, ಒಂದೂ ಅವರಿಗೆ ಗೊತ್ತಿರಲಿಲ್ಲ. ನಾನು ಊಟದ ಬಿಡುವಿನಲ್ಲಿ ಹೋಗಿ ನೋಡಿದಾಗ ಇಬ್ಬರೂ ಜಗಲಿಯಲ್ಲಿ ಕೂತಿದ್ದರು. ಕೂಸಪ್ಪಣ್ಣ ಕಮಾನಿನ ಮೇಲಿನ ಒಂದು ಕಲ್ಲನ್ನು ತೋರಿಸಿ ಏನೋ ವಿವರಿಸುತ್ತಿದ್ದರು. ಗೌಡರು ಕೇಳುತ್ತಿರಲಿಲ್ಲ.

ಕೋರ್ಟಿನ ಜವಾನ ಹೊರಗೆ ಬಂದ. ಕೈಯಲ್ಲಿದ್ದ ಕಾಗದ ನೋಡದೆಯೇ, “ಕೂಸಪ್ಪಾ” ಎಂದು ಕೂಗಿದ.

ಅವರು ಅರ್ಧ ಎದ್ದು, ಪುನಃ ಕೂತರು.

“ನಾನಲ್ಲ” ಎಂದರು. “ಕಾಗದ ನೋಡಿ ಕರೀರಿ.”